ಪಿಂಗ್ ಹೋಗ್ತದೆ, ಪೇಜ್ ಬರುವುದಿಲ್ಲ: ಯುಎಸ್‌ಬಿ ಲ್ಯಾನ್ ಅಡಾಪ್ಟರ್, ಚೆಕ್‌ಸಮ್ ಮತ್ತು ಫೈರ್‌ವಾಲ್

ನಮ್ಮ ಕಡೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಕೊಳ್ಳುವವರಿಗೆ ಎರಡು ಕಾರಣ ಇರ್ತದೆ. ಒಂದು, ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಲ್ಯಾನ್ ಪೋರ್ಟೇ ಇಲ್ಲ. ಇನ್ನೊಂದು ಸಿಡಿಲು. ಮಳೆಗಾಲಕ್ಕೆ ಮೊದಲು ಸಂಜೆ ಹೊತ್ತು ಬರುವ ಗುಡುಗು ಮಿಂಚಿಗೆ ಮೋಡೆಮ್, ಸ್ವಿಚ್, ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ ಹೋಗುವುದು ಕಾರ್ಕಳ ಕಡೆಯವರಿಗೆ ಹೊಸ ಸುದ್ದಿ ಏನಲ್ಲ. ಸುಟ್ಟುಹೋದ ಒಂದು ಪೋರ್ಟಿಗೋಸ್ಕರ ಬೋರ್ಡ್ ಬದಲಿಸುವವರು ಯಾರು? ಒಂದು ಅಡಾಪ್ಟರ್ ಸಿಕ್ಕಿಸಿದರೆ ಆಯಿತು. ಹೆಚ್ಚಿನ ಸಲ ನಿಜಕ್ಕೂ ಅಷ್ಟಕ್ಕೇ ಮುಗಿಯುತ್ತದೆ.

ಮುಗಿಯದಿದ್ದಾಗ ಕಾಣುವ ಲಕ್ಷಣ ವಿಚಿತ್ರ. ಲೈಟ್ ಉರಿಯುತ್ತದೆ, ಐಪಿ ವಿಳಾಸ ಸಿಗುತ್ತದೆ, ಗೇಟ್‌ವೇಗೆ ಪಿಂಗ್ ಹೋಗುತ್ತದೆ. ಆದರೆ ಬ್ರೌಸರ್ ಸುತ್ತುತ್ತಾ ಕೂರುತ್ತದೆ, ಒಂದು ಪುಟವೂ ಬರುವುದಿಲ್ಲ. ಆಗ ಎಲ್ಲರ ಬಾಯಲ್ಲಿ ಬರುವುದು ಒಂದೇ ಮಾತು: "ಫೈರ್‌ವಾಲ್ ಬ್ಲಾಕ್ ಮಾಡಿದೆ ಮಾರಾಯ." ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಿದರೆ "ಅಂಥ ರೂಲ್ ಯಾವುದೂ ಇಲ್ಲ" ಎನ್ನುತ್ತಾರೆ. ಇಬ್ಬರ ಮಾತೂ ಸರಿ ಇರುವ ಸಾಧ್ಯತೆ ಉಂಟು. ಅದು ಹೇಗೆ ಎಂದು ತಿಳಿಯಲಿಕ್ಕೆ ಚೆಕ್‌ಸಮ್ ಒಳಗೆ ಸ್ವಲ್ಪ ಇಣುಕಬೇಕು.

ಲೆಕ್ಕ ಬಹಳ ಸುಲಭ

ಟಿಸಿಪಿ, ಯುಡಿಪಿ, ಐಪಿ ಮೂರಕ್ಕೂ ಒಂದೇ ಬಗೆಯ ಚೆಕ್‌ಸಮ್. ಪ್ಯಾಕೆಟ್ಟನ್ನು 16 ಬಿಟ್‌ಗಳ ತುಂಡುಗಳಾಗಿ ಮಾಡಿ ಕೂಡಿಸುವುದು. ಮೊತ್ತ 65535 ದಾಟಿದರೆ ಆಚೆ ಹೋದ ಕೈಲೆಕ್ಕದ 1ನ್ನು ತಂದು ಮತ್ತೆ ಕೆಳಗೆ ಕೂಡಿಸುವುದು. ಕೊನೆಗೆ ಎಲ್ಲಾ ಬಿಟ್ ತಿರುಗಿಸುವುದು, ಅಂದರೆ 65535ರಿಂದ ಕಳೆಯುವುದು.

ಮೂರು ತುಂಡು ಇವೆ ಅಂದುಕೊಳ್ಳಿ: 40000, 30000, 20000. ಮೊತ್ತ 90000. ಅದರಲ್ಲಿ 65536 ಕಳೆದರೆ 24464, ಕೈಲೆಕ್ಕದ 1 ಸೇರಿ 24465. ಅದನ್ನು 65535ರಿಂದ ಕಳೆದರೆ 41070. ಇದೇ ಚೆಕ್‌ಸಮ್. ಪಡೆಯುವವನು ನಾಲ್ಕನ್ನೂ ಕೂಡಿಸುತ್ತಾನೆ: 131070. ಅದನ್ನು ಅದೇ ರೀತಿ ಮಡಚಿದರೆ 65534ಕ್ಕೆ 1 ಸೇರಿ 65535, ಎಲ್ಲಾ ಬಿಟ್ 1. ಹಾಗೆ ಬಂದರೆ ಪ್ಯಾಕೆಟ್ ಸರಿ ಎಂದು ಲೆಕ್ಕ. ಬಾರದಿದ್ದರೆ ಸದ್ದಿಲ್ಲದೆ ಎಸೆಯುವುದು. ಟಿಸಿಪಿ ಆದರೆ ಕಳಿಸಿದವನು ಉತ್ತರ ಬರಲಿಲ್ಲ ಎಂದು ಮತ್ತೆ ಕಳಿಸುತ್ತಾನೆ.

ಈ ಲೆಕ್ಕವನ್ನು ವೇಗವಾಗಿ ಮಾಡುವ ಉಪಾಯಗಳನ್ನು 1988ರ ಆರ್‌ಎಫ್‌ಸಿ 1071ರಲ್ಲಿ ಬರೆದಿದ್ದಾರೆ. ಒಂದು ದೌರ್ಬಲ್ಯವೂ ನೋಡಿದ ಕೂಡಲೇ ಗೊತ್ತಾಗುತ್ತದೆ: 40000 ಮತ್ತು 30000 ಜಾಗ ಬದಲಿಸಿಕೊಂಡರೆ ಮೊತ್ತ ಬದಲಾಗುವುದಿಲ್ಲ. ನಮ್ಮ ಆಧಾರ್ ಸಂಖ್ಯೆಯ ಕೊನೆಯ ಅಂಕೆಗೆ ಬಳಸುವ ವೆರ್ಹೂಫ್ ವಿಧಾನ ಅಕ್ಕಪಕ್ಕದ ಎರಡು ಅಂಕೆ ಅದಲು ಬದಲಾದರೆ ಹಿಡಿಯುತ್ತದೆ. ಇಂಟರ್ನೆಟ್ ಚೆಕ್‌ಸಮ್ ಅಷ್ಟು ಜಾಣ ಅಲ್ಲ. ಅಗ್ಗ, ಅಷ್ಟೇ.

ಇನ್ನೊಂದು ವಿಷಯ ಮುಂದೆ ಬೇಕಾಗ್ತದೆ. ಟಿಸಿಪಿ ಮತ್ತು ಯುಡಿಪಿಯ ಮೊತ್ತದಲ್ಲಿ ಡೇಟಾ ಮಾತ್ರ ಅಲ್ಲ, ಕಳಿಸುವವನ ಐಪಿ, ಪಡೆಯುವವನ ಐಪಿ, ಪ್ರೋಟೋಕಾಲ್ ಸಂಖ್ಯೆ, ಉದ್ದ ಇವೂ ಸೇರುತ್ತವೆ. ಇದಕ್ಕೆ ಸೂಡೋ ಹೆಡರ್ ಎಂದು ಹೆಸರು.

ಎಣಿಸುವ ಕೆಲಸ ಯಾರದ್ದು?

ಕಾಪು ಹತ್ತಿರದ ಶಂಕರಪುರದ ಮಲ್ಲಿಗೆ ನಿಮಗೆ ಗೊತ್ತು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಮನೆಯವರು ಮನೆಯಲ್ಲೇ ಕಟ್ಟಿ, ಎಣಿಸಿ, ಚೀಟಿಯಲ್ಲಿ ಲೆಕ್ಕ ಬರೆದು ಕಳಿಸುತ್ತಾರೆ ಅಂದುಕೊಳ್ಳಿ. ಒಂದು ದಿನ ಕಟ್ಟೆಯವರು, "ನೀವು ಎಣಿಸುವುದು ಬೇಡ ಅಕ್ಕ, ಚೀಟಿಯಲ್ಲಿ ಹೆಸರು ಮತ್ತು ಊರು ಬರೆದು ಕೊಡಿ, ಸಂಖ್ಯೆ ನಾವು ತುಂಬುತ್ತೇವೆ" ಎನ್ನುತ್ತಾರೆ. ಮನೆಯವರಿಗೆ ಸಮಯ ಉಳಿಯಿತು. ಆಫ್‌ಲೋಡ್ ಎಂದರೆ ಇದೇ.

ಕಂಪ್ಯೂಟರಿನಲ್ಲಿ ಮನೆ ಎಂದರೆ ಕರ್ನೆಲ್, ಕಟ್ಟೆ ಎಂದರೆ ನೆಟ್‌ವರ್ಕ್ ಚಿಪ್. ಕರ್ನೆಲ್ ಚೆಕ್‌ಸಮ್ ಜಾಗದಲ್ಲಿ ಸೂಡೋ ಹೆಡರಿನ ಮೊತ್ತ ಮಾತ್ರ ಬರೆದು, "ಇಲ್ಲಿಂದ ಮುಂದಿನದ್ದು ಕೂಡಿಸಿ ಇಲ್ಲಿ ಬರೆ" ಎಂದು ಚಿಪ್ಪಿಗೆ ಹೇಳಿ ಕಳಿಸುತ್ತದೆ. ಚಿಪ್ ಪೂರ್ತಿ ಮಾಡಿ ತಂತಿಗೆ ಬಿಡುತ್ತದೆ. ಬರುವ ದಾರಿಯಲ್ಲಿ ಚಿಪ್ಪೇ ಪರೀಕ್ಷಿಸಿ "ಸರಿ ಉಂಟು" ಎಂದು ಒಂದು ಗುರುತು ಹಾಕುತ್ತದೆ, ಕರ್ನೆಲ್ ಆ ಗುರುತನ್ನು ನಂಬಿ ಮತ್ತೆ ಎಣಿಸುವುದಿಲ್ಲ.

ಈಗ ಮೊದಲ ಬಲೆ. ಮನೆಯಿಂದ ಹೂವು ಹೊರಡುವ ಮೊದಲೇ ಬಾಗಿಲಲ್ಲಿ ನಿಂತು ಚೀಟಿ ನೋಡಿದರೆ ಸಂಖ್ಯೆ ಇರುವುದಿಲ್ಲ. ವೈರ್‌ಶಾರ್ಕ್, ಟಿಸಿಪಿಡಂಪ್ ನಿಂತಿರುವುದು ಆ ಬಾಗಿಲಲ್ಲೇ. ಅದಕ್ಕೇ ನಿಮ್ಮ ಲ್ಯಾಪ್‌ಟಾಪಿನಿಂದ ಹೊರಡುವ ಪ್ಯಾಕೆಟ್‌ಗಳೆಲ್ಲಾ "ಇನ್‌ಕರೆಕ್ಟ್" ಎಂದು ತೋರಿಸುತ್ತವೆ. ಇದು ತಪ್ಪಲ್ಲ, ಇನ್ನೂ ತುಂಬದ ಚೀಟಿ ಅಷ್ಟೇ. ಲ್ಯಾಬ್ ರಿಪೋರ್ಟಿನಲ್ಲಿ ಈ ಸ್ಕ್ರೀನ್‌ಶಾಟ್ ಹಾಕಿ "ಪ್ಯಾಕೆಟ್ ಕೊಳೆತಿದೆ" ಎಂದು ಬರೆಯಬೇಡಿ.

ಇದನ್ನು ಗುರುತಿಸಲಿಕ್ಕೆ ಒಂದು ಸುಲಭ ದಾರಿ: ಒಂದೇ ಕಡೆಗೆ ಹೋಗುವ, ಒಂದೇ ಉದ್ದದ ಪ್ಯಾಕೆಟ್‌ಗಳಲ್ಲಿ ಆ "ತಪ್ಪು" ಚೆಕ್‌ಸಮ್ ಪ್ರತಿ ಸಲ ಅದೇ ಸಂಖ್ಯೆಯಾಗಿದ್ದರೆ ಅದು ಸೂಡೋ ಹೆಡರಿನ ಮೊತ್ತ. ಡೇಟಾ ಬದಲಾದರೂ ಸಂಖ್ಯೆ ಬದಲಾಗಲಿಲ್ಲ ಎಂದರೆ ಅದರಲ್ಲಿ ಡೇಟಾ ಇನ್ನೂ ಸೇರಿಲ್ಲ ಎಂದೇ ಅರ್ಥ ಅಲ್ವಾ?

ಹೊರಡುವ ಪ್ಯಾಕೆಟ್ ನಿಜಕ್ಕೂ ತಪ್ಪಾಗಿದೆಯಾ ಎಂದು ತಿಳಿಯಬೇಕಾದರೆ ತಂತಿಯ ಆಚೆ ಬದಿಯಲ್ಲಿ ಕ್ಯಾಪ್ಚರ್ ಮಾಡಬೇಕು. ಗೆಳೆಯನ ಲ್ಯಾಪ್‌ಟಾಪ್, ಅಥವಾ ಫೈರ್‌ವಾಲಿನ ಒಳಪೋರ್ಟ್. ಕಟ್ಟೆ ದಾಟಿದ ಮೇಲಿನ ಚೀಟಿ ನೋಡಿದರೆ ಮಾತ್ರ ಕಟ್ಟೆಯವರ ಲೆಕ್ಕ ಗೊತ್ತಾಗುವುದು.

ಚಿಪ್ ತಪ್ಪು ಮಾಡುವುದು ಉಂಟಾ? ಉಂಟು. ರಾಸ್ಪ್‌ಬೆರಿ ಪೈ 3ರ ಲ್ಯಾನ್ ಪೋರ್ಟ್ ಹೊರಗಿನಿಂದ ನೋಡಲಿಕ್ಕೆ ಮಾಮೂಲು ಪೋರ್ಟ್, ಒಳಗೆ ಅದು ಯುಎಸ್‌ಬಿಗೆ ಜೋಡಿಸಿದ ಲ್ಯಾನ್9514 ಚಿಪ್. ಅದರ ಲಿನಕ್ಸ್ ಡ್ರೈವರ್ ಎಸ್‌ಎಂಎಸ್‌ಸಿ95ಎಕ್ಸ್‌ಎಕ್ಸ್ ಸೋರ್ಸ್ ತೆಗೆದು ಓದಿ. ಪ್ಯಾಕೆಟ್ 45 ಬೈಟ್ ಅಥವಾ ಅದಕ್ಕಿಂತ ಚಿಕ್ಕದಾದರೆ ಹಾರ್ಡ್‌ವೇರ್ ಚೆಕ್‌ಸಮ್ ಸರಿಯಾಗಿ ಬರುವುದಿಲ್ಲ, ಆದ್ದರಿಂದ ಸಾಫ್ಟ್‌ವೇರಿನಲ್ಲೇ ಹಾಕುತ್ತೇವೆ ಎಂಬ ಅರ್ಥದ ಕಮೆಂಟ್ ಅದರಲ್ಲೇ ಉಂಟು. ಈಥರ್ನೆಟ್ ಹೆಡರ್ 14, ಐಪಿ 20, ಯುಡಿಪಿ 8, ಒಟ್ಟು 42 ಬೈಟ್. ಮಿಕ್ಕಿದ್ದು ಮೂರೇ ಬೈಟ್. ಅಂದರೆ ಎರಡು ಬೈಟಿನ ಉಷ್ಣಾಂಶದ ರೀಡಿಂಗನ್ನು ಯುಡಿಪಿಯಲ್ಲಿ ಕಳಿಸುವ ನಿಮ್ಮ ಐಒಟಿ ಪ್ರಾಜೆಕ್ಟೇ ಅದರಲ್ಲಿ ಬೀಳುತ್ತಿತ್ತು. ಡ್ರೈವರ್ ಬರೆದವರು ಮೊದಲೇ ಕಂಡು ಬೇಲಿ ಹಾಕಿದ್ದರಿಂದ ನಮಗೆ ಅದು ಗೊತ್ತೇ ಆಗಲಿಲ್ಲ.

ಫೈರ್‌ವಾಲ್ ಯಾಕೆ ಮಧ್ಯೆ ಬಂತು?

ಬರೀ ರೂಟರ್ ಐಪಿ ಹೆಡರಿನ ಚೆಕ್‌ಸಮ್ ಮಾತ್ರ ನೋಡುತ್ತದೆ. ಒಳಗಿನ ಟಿಸಿಪಿ ಚೆಕ್‌ಸಮ್ ಅದಕ್ಕೆ ಸಂಬಂಧ ಇಲ್ಲ. ತಪ್ಪು ಪ್ಯಾಕೆಟ್ ಎಲ್ಲೋ ದೂರದ ಸರ್ವರ್ ತನಕ ಹೋಗಿ ಅಲ್ಲಿ ಸಾಯುತ್ತದೆ. ಕನೆಕ್ಷನ್‌ಗಳ ಲೆಕ್ಕ ಇಡುವ ಫೈರ್‌ವಾಲ್ ಹಾಗಲ್ಲ, ಒಳಗೆ ನೋಡುತ್ತದೆ. ಲಿನಕ್ಸ್ ಆಧಾರಿತ ಫೈರ್‌ವಾಲಿನಲ್ಲಿ ಕಾನ್‌ಟ್ರ್ಯಾಕ್ ಭಾಗ, ಬೇರೆ ಹೇಳದಿದ್ದರೆ, ಬರುವ ಪ್ಯಾಕೆಟ್ಟಿನ ಚೆಕ್‌ಸಮ್ ಪರೀಕ್ಷಿಸಿ, ತಪ್ಪಿದ್ದರೆ "ಇನ್‌ವ್ಯಾಲಿಡ್" ಎಂದು ಗುರುತು ಹಾಕುತ್ತದೆ. ಇನ್‌ವ್ಯಾಲಿಡ್ ಆದದ್ದನ್ನು ಬಿಸಾಡು ಎಂಬ ಒಂದು ಸಾಲು ಹೆಚ್ಚಿನ ರೂಲ್‌ಸೆಟ್‌ಗಳ ತಲೆಯಲ್ಲೇ ಇರುತ್ತದೆ. ಲಾಗ್ ಬೇಕೆಂದು ಹೇಳಿರದಿದ್ದರೆ ಒಂದು ಅಕ್ಷರವೂ ದಾಖಲಾಗುವುದಿಲ್ಲ.

ನಿಮ್ಮನ್ನು ತಡೆಯುವ ರೂಲ್ ಇಲ್ಲ ಎಂದ ಅಡ್ಮಿನ್ ಸರಿ. ಫೈರ್‌ವಾಲೇ ಬಿಸಾಡುತ್ತಿದೆ ಎಂದ ನೀವೂ ಸರಿ. ಪಿಂಗ್ ಮಾತ್ರ ಹೇಗೆ ಹೋಯಿತು? ಅದು ಬಳಸುವ ಐಸಿಎಂಪಿಯ ಚೆಕ್‌ಸಮ್ಮನ್ನು ಸಾಮಾನ್ಯವಾಗಿ ಸಾಫ್ಟ್‌ವೇರೇ ಲೆಕ್ಕ ಹಾಕುತ್ತದೆ, ಚಿಪ್ಪಿಗೆ ಒಪ್ಪಿಸುವುದಿಲ್ಲ. ಐಪಿ ವಿಳಾಸ ಕೇಳುವ ಪ್ರೋಗ್ರಾಂಗಳಲ್ಲೂ ಹಲವು ತಮ್ಮ ಪ್ಯಾಕೆಟ್ಟನ್ನು ತಾವೇ ಪೂರ್ತಿ ಕಟ್ಟಿ ಕಳಿಸುತ್ತವೆ. ಆದ್ದರಿಂದ ಆ ಎರಡು ನಡೆಯುತ್ತವೆ, ಉಳಿದದ್ದು ನಿಲ್ಲುತ್ತದೆ.

ಫೈರ್‌ವಾಲ್ ನ್ಯಾಟ್ ಮಾಡಿದರೆ ತಪ್ಪು ತನ್ನಷ್ಟಕ್ಕೆ ಸರಿಯಾಗಬಹುದಲ್ಲ ಎಂದು ಕೆಲವರು ಕೇಳ್ತಾರೆ. ಇಲ್ಲ. ವಿಳಾಸ ಬದಲಿಸಿದಾಗ ಟಿಸಿಪಿ ಚೆಕ್‌ಸಮ್ಮೂ ಬದಲಾಗಬೇಕು, ನಿಜ. ಆದರೆ ಮೊದಲಿನಿಂದ ಎಣಿಸುವುದಿಲ್ಲ. ಹಳೆಯ ವಿಳಾಸ ಕಳೆದು ಹೊಸದನ್ನು ಕೂಡಿಸುತ್ತಾರೆ. 1994ರ ಆರ್‌ಎಫ್‌ಸಿ 1624 ಹೇಳುವುದು ಈ ವಿಧಾನವನ್ನೇ. ಮೊದಲು ನಾಲ್ಕು ಕಡಿಮೆ ಇದ್ದರೆ ಆಮೇಲೂ ನಾಲ್ಕು ಕಡಿಮೆಯೇ.

ಹಳೆಯ ಪಿಸಿಗೆ ಎರಡನೇ ಪೋರ್ಟ್ ಆಗಿ ಯುಎಸ್‌ಬಿ ಅಡಾಪ್ಟರ್ ಸಿಕ್ಕಿಸಿ ಪಿಎಫ್‌ಸೆನ್ಸ್ ಹಾಕುವವರೂ ನಮ್ಮಲ್ಲಿದ್ದಾರೆ. ಅದರ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಚೆಕ್‌ಸಮ್ ಆಫ್‌ಲೋಡ್ ನಿಲ್ಲಿಸುವ ಒಂದು ಟಿಕ್ ಬಾಕ್ಸ್ ಉಂಟು, ಕೆಲವು ಹಾರ್ಡ್‌ವೇರ್‌ಗಳಲ್ಲಿ ಇದು ಕೆಟ್ಟಿರುತ್ತದೆ ಎಂಬ ಎಚ್ಚರಿಕೆಯೂ ಅದರ ಕೆಳಗೇ ಉಂಟು. ಯುಎಸ್‌ಬಿ ಅಡಾಪ್ಟರ್ ಹಾಕಿದ್ದರೆ ಕಣ್ಣು ಮುಚ್ಚಿ ಟಿಕ್ ಮಾಡಿ ಎಂಬುದು ನನ್ನ ಅಭಿಪ್ರಾಯ.

ಪೇಜ್ ಬರುತ್ತದೆ, ಆದರೆ ಕೆಟ್ಟು ಬರುತ್ತದೆ

ಇಷ್ಟರವರೆಗೆ ಹೇಳಿದ್ದು ಕಿರಿಕಿರಿ ಮಾತ್ರ. ನೆಟ್ ಬರಲಿಲ್ಲ, ಗೊತ್ತಾಯಿತು, ಹುಡುಕಿದೆವು. ನಿಜವಾಗಿ ಹೆದರಬೇಕಾದದ್ದು ಬರುವ ದಾರಿಯ ಆಫ್‌ಲೋಡಿಗೆ.

ಮಲ್ಲಿಗೆಗೇ ವಾಪಸ್ ಬರುವ. ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಎಣಿಸಿ "ಸರಿ" ಎಂದು ಸೀಲ್ ಹೊಡೆದ. ಅಲ್ಲಿಂದ ಅಂಗಡಿಗೆ ಸ್ಕೂಟರಿನಲ್ಲಿ ತರುವಾಗ ಒಂದು ಚೆಂಡು ಬಿದ್ದುಹೋಯಿತು. ಅಂಗಡಿಯವರು ಸೀಲ್ ನೋಡಿ ಎಣಿಸದೆ ಇಟ್ಟುಕೊಂಡರು. ಚೆಕ್‌ಸಮ್ ಕಾಪಾಡುವುದು ಅದನ್ನು ಪರೀಕ್ಷಿಸಿದ ಜಾಗದವರೆಗೆ ಮಾತ್ರ. ಆಫ್‌ಲೋಡ್ ಆ ಜಾಗವನ್ನು ಪ್ರೊಸೆಸರ್‌ನಿಂದ ತೆಗೆದು ಅಡಾಪ್ಟರಿನೊಳಗೆ ಇಟ್ಟಿತು. ಅಡಾಪ್ಟರಿನಿಂದ ಮೆಮೊರಿಯವರೆಗಿನ ದಾರಿಗೆ ಈಗ ಟಿಸಿಪಿಯ ಕಾವಲು ಇಲ್ಲ. ಯುಎಸ್‌ಬಿ ಕೇಬಲ್ಲಿನ ಮೇಲೆ ಯುಎಸ್‌ಬಿಯದ್ದೇ ಸಿಆರ್‌ಸಿ ಉಂಟು. ಆದರೆ ಕೆಡುವುದು ಕೇಬಲ್ಲಿನಲ್ಲೇ ಆಗಬೇಕೆಂದು ಏನಿದೆ?

ಇದು ಊಹೆಯ ಮಾತಲ್ಲ. ಡೆಲ್ ಟಿಬಿ16 ಎಂಬ ಡಾಕ್‌ನಲ್ಲಿ ರಿಯಲ್‌ಟೆಕ್‌ನ 8153 ಯುಎಸ್‌ಬಿ ಲ್ಯಾನ್ ಚಿಪ್ ಇತ್ತು. ಲಿನಕ್ಸ್ ಬಳಸುವವರಿಗೆ ಅದರಲ್ಲಿ ಬರುವ ಡೇಟಾ ಕೆಡುತ್ತಿತ್ತು. ಚಿಪ್ ಪರೀಕ್ಷಿಸಿ ಸರಿ ಎಂದ ಮೇಲೆ ಕೆಡುತ್ತಿದ್ದುದರಿಂದ ಕರ್ನೆಲ್ ಅದನ್ನು ಹಾಗೆಯೇ ಒಪ್ಪಿಕೊಳ್ಳುತ್ತಿತ್ತು. 2017ರ ಕೊನೆಗೆ ಕರ್ನೆಲ್ ಬರೆಯುವವರ ನಡುವೆ ಬಂದ ಒಂದು ಪ್ರಸ್ತಾಪ, ಈ ಡಾಕ್‌ಗೆ ರಿಸೀವ್ ಚೆಕ್‌ಸಮ್ ಆಫ್‌ಲೋಡ್ ನಿಲ್ಲಿಸುವುದು. ಡಾಕ್‌ನೊಳಗಿನ ಯುಎಸ್‌ಬಿ ಕಂಟ್ರೋಲರಿಗೆ ಬಫರ್ ಸಾಕಾಗುತ್ತಿಲ್ಲ ಎಂದು ಚಿಪ್ ಮಾಡಿದವರು ಊಹಿಸಿದರು. 2018ರ ಆರಂಭದಲ್ಲಿ ಆರ್8152 ಡ್ರೈವರಿಗೆ ಒಂದು ಬದಲಾವಣೆ ಸೇರಿತು: ಹಲವು ಪ್ಯಾಕೆಟ್ ಒಟ್ಟುಮಾಡಿ ಒಂದೇ ಸಲ ಕಳಿಸುವ ಆಗ್ರಿಗೇಶನ್ ಅನ್ನು ಆ ಡಾಕ್‌ಗೆ ಮಾತ್ರ ನಿಲ್ಲಿಸುವುದು. ತೊಂದರೆ ಹೋಯಿತು.

ಇದಕ್ಕಿಂತ ಹಳೆಯ ಕಥೆಯೂ ಒಂದು ಉಂಟು. ಸಾಲ್ಟ್‌ಜರ್, ರೀಡ್, ಕ್ಲಾರ್ಕ್ ಮೂವರು 1984ರಲ್ಲಿ ಪ್ರಕಟಿಸಿದ ಎಂಡ್ ಟು ಎಂಡ್ ವಾದದ ಪ್ರಬಂಧದಲ್ಲಿ ಎಂಐಟಿಯ ಒಂದು ಗೇಟ್‌ವೇ ಬರ್ತದೆ. (ಮಣಿಪಾಲದ ಎಂಐಟಿ ಅಲ್ಲ ಮಾರಾಯ್ರೆ, ಅಮೆರಿಕದ್ದು.) ತಂತಿಗಳ ಮೇಲೆಲ್ಲಾ ಚೆಕ್‌ಸಮ್ ಇತ್ತು, ಹಾಗಾಗಿ ಎಲ್ಲ ಭದ್ರ ಎಂದು ನಂಬಿದ್ದರು. ಆದರೆ ಗೇಟ್‌ವೇ ಒಳಗೆ ಒಂದು ಬಫರ್‌ನಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಸುಮಾರು ಹತ್ತು ಲಕ್ಷ ಬೈಟಿಗೆ ಒಮ್ಮೆ ಎರಡು ಬೈಟ್ ಅದಲು ಬದಲಾಗುತ್ತಿತ್ತು. ಆಪರೇಟಿಂಗ್ ಸಿಸ್ಟಮ್‌ನ ಸೋರ್ಸ್ ಫೈಲ್‌ಗಳು ಅದರ ಮೂಲಕ ಹಲವು ಸಲ ಓಡಾಡಿ ಕೆಟ್ಟವು. ಕೊನೆಗೆ ಹಳೆಯ ಪ್ರಿಂಟ್‌ಔಟ್ ಹಿಡಿದು ಕೈಯಲ್ಲೇ ಹೋಲಿಸಿ ಸರಿಮಾಡಬೇಕಾಯಿತು. 2000ದಲ್ಲಿ ಸ್ಟೋನ್ ಮತ್ತು ಪಾರ್ಟ್ರಿಜ್ ನಿಜವಾದ ಟ್ರಾಫಿಕ್ ಅಳೆದು ನೋಡಿದಾಗ 1,100 ಪ್ಯಾಕೆಟ್ಟಿಗೆ ಒಂದರಿಂದ ಹಿಡಿದು 32,000ಕ್ಕೆ ಒಂದರವರೆಗೆ ಟಿಸಿಪಿ ಚೆಕ್‌ಸಮ್ ತಪ್ಪಿತ್ತು, ಅದೂ ಲಿಂಕ್ ಮಟ್ಟದ ಸಿಆರ್‌ಸಿ ಸರಿ ಎಂದು ದಾಟಿಸಿದ ಮೇಲೆ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಇದು ಹೇಗೆ ಕಾಣುತ್ತದೆ? ಎಸ್‌ಎಸ್‌ಎಚ್ ಮಧ್ಯದಲ್ಲಿ "ಕರಪ್ಟೆಡ್ ಮ್ಯಾಕ್ ಆನ್ ಇನ್‌ಪುಟ್" ಎಂದು ಹೇಳಿ ಕಡಿದುಹೋಗುತ್ತದೆ. ಎಚ್‌ಟಿಟಿಪಿಎಸ್ ಡೌನ್‌ಲೋಡ್ ಅರ್ಧಕ್ಕೆ ನಿಲ್ಲುತ್ತದೆ. ಇಲ್ಲಿ ಮ್ಯಾಕ್ ಎಂದರೆ ಅಡಾಪ್ಟರಿನ ವಿಳಾಸ ಅಲ್ಲ, ಗುಪ್ತಲಿಪಿಯ ಸಂದೇಶಕ್ಕೆ ಅಂಟಿಸಿದ ಮುದ್ರೆ. ಈ ಎರಡು ಬೈದಾದರೂ ಹೇಳುತ್ತವೆ. ಬೈಯದೆ ನುಂಗುವುದು ಎಫ್‌ಟಿಪಿ, ಬರೀ ಎಚ್‌ಟಿಟಿಪಿ, ಲ್ಯಾಬಿನ ಎನ್‌ಎಫ್‌ಎಸ್ ಶೇರ್, ಎನ್‌ಕ್ರಿಪ್ಟ್ ಮಾಡದ ಡೇಟಾಬೇಸ್ ಕನೆಕ್ಷನ್. ಫೈನಲ್ ಇಯರ್ ಪ್ರಾಜೆಕ್ಟಿಗೆ ಮೂರು ತಿಂಗಳು ಕೂಡಿಹಾಕಿದ ಡೇಟಾಸೆಟ್ಟನ್ನು ಅಂಥ ಶೇರಿನಿಂದ ನಕಲು ಮಾಡಿದ್ದರೆ, ಎರಡೂ ಬದಿಯಲ್ಲಿ ಎಸ್‌ಎಚ್‌ಎ256 ಮೊತ್ತ ತೆಗೆದು ಹೋಲಿಸಿ. ಎರಡು ನಿಮಿಷದ ಕೆಲಸ.

ಹುಡುಕುವುದು ಹೇಗೆ

ಮೊದಲು ಚೆಕ್‌ಸಮ್ ಅಲ್ಲದ್ದನ್ನು ಬದಿಗಿಡಿ. ಹಾಸ್ಟೆಲ್ ಅಥವಾ ಕ್ಯಾಂಪಸ್ ನೆಟ್‌ವರ್ಕಿನಲ್ಲಿ ಲಾಗಿನ್ ಪುಟ ದಾಟಿದ್ದೀರಾ? ಮ್ಯಾಕ್ ವಿಳಾಸ ನೋಂದಾಯಿಸುವ ಕ್ರಮ ಇದ್ದರೆ, ಯುಎಸ್‌ಬಿ ಅಡಾಪ್ಟರಿಗೆ ಅದರದ್ದೇ ಬೇರೆ ವಿಳಾಸ ಇರ್ತದೆ ಎಂಬುದು ನೆನಪಿರಲಿ. ಆಮೇಲೆ ದೊಡ್ಡ ಪಿಂಗ್: ತುಂಡು ಮಾಡಬೇಡ ಎಂದು ಹೇಳಿ 1472 ಬೈಟ್ ಡೇಟಾದ ಪಿಂಗ್ ಕಳಿಸಿ. ಸಣ್ಣದು ಹೋಗಿ ದೊಡ್ಡದು ಹೋಗದಿದ್ದರೆ ಅದು ಎಂಟಿಯು ತೊಂದರೆ. ಮನೆಯ ಫೈಬರ್ ಪಿಪಿಪಿಒಇ ಆಗಿದ್ದರೆ ಮಿತಿಯೇ 1492, ಡೇಟಾಕ್ಕೆ ಸಿಗುವುದು 1464. ಲಕ್ಷಣ ಹೆಚ್ಚು ಕಡಿಮೆ ಒಂದೇ, ಮದ್ದು ಬೇರೆ.

ಅದು ಎರಡೂ ಅಲ್ಲ ಎಂದಾದರೆ ಲಿನಕ್ಸ್‌ನಲ್ಲಿ ಎತ್‌ಟೂಲ್. ಸಣ್ಣ ಕೆ ಹಾಕಿದರೆ ಈಗಿನ ಸ್ಥಿತಿ ತೋರಿಸುತ್ತದೆ, ದೊಡ್ಡ ಕೆ ಹಾಕಿದರೆ ಬದಲಿಸುತ್ತದೆ. ಆರ್‌ಎಕ್ಸ್ ಎಂದರೆ ಬರುವ ದಾರಿ, ಟಿಎಕ್ಸ್ ಎಂದರೆ ಹೋಗುವ ದಾರಿ. ಎರಡನ್ನೂ ಒಟ್ಟಿಗೆ ಆಫ್ ಮಾಡಿ "ಸರಿ ಆಯ್ತು" ಎಂದು ಎದ್ದು ಹೋಗುವವರೇ ಜಾಸ್ತಿ. ಹಾಗೆ ಮಾಡಿದರೆ ರೋಗ ಯಾವುದೆಂದು ಗೊತ್ತಾಗುವುದಿಲ್ಲ. ಒಂದೊಂದಾಗಿ ಮಾಡಿ.

ಟಿಎಕ್ಸ್ ಕಡೆ ಒಂದು ಸೂಕ್ಷ್ಮ ಉಂಟು. ದೊಡ್ಡ ತುಂಡನ್ನು ಚಿಪ್ಪೇ ಕತ್ತರಿಸುವ ಟಿಎಸ್‌ಒ ಎಂಬ ಇನ್ನೊಂದು ಆಫ್‌ಲೋಡ್ ಚೆಕ್‌ಸಮ್ ಆಫ್‌ಲೋಡಿನ ಮೇಲೆ ನಿಂತಿದೆ. ಟಿಎಕ್ಸ್ ಚೆಕ್‌ಸಮ್ ಆಫ್ ಮಾಡಿದರೆ ಟಿಎಸ್‌ಒ ಕೂಡ ತಾನಾಗಿ ಆಫ್ ಆಗ್ತದೆ. ಆದ್ದರಿಂದ ಮೊದಲು ಟಿಎಸ್‌ಒ ಒಂದನ್ನೇ ಆಫ್ ಮಾಡಿ ನೋಡಿ. ಅಷ್ಟಕ್ಕೇ ಸರಿಯಾದರೆ ಚೆಕ್‌ಸಮ್ ಮೇಲೆ ಸುಮ್ಮನೆ ಅಪವಾದ ಹಾಕಬೇಡಿ. ಸರಿಯಾಗದಿದ್ದರೆ ಟಿಎಕ್ಸ್ ಆಫ್ ಮಾಡಿ, ಫೈರ್‌ವಾಲ್ ಬದಿಯ ಕ್ಯಾಪ್ಚರ್ ಮೊದಲಿನದ್ದರ ಜೊತೆ ಹೋಲಿಸಿ.

ಆರ್‌ಎಕ್ಸ್ ಕಡೆ ನೋಡಬೇಕಾದ್ದು ಕೌಂಟರ್. ಎನ್‌ಸ್ಟ್ಯಾಟ್ ಕಮಾಂಡಿನಲ್ಲಿ ಟಿಸಿಪಿಗೂ ಯುಡಿಪಿಗೂ ಚೆಕ್‌ಸಮ್ ತಪ್ಪಿದ ಪ್ಯಾಕೆಟ್‌ಗಳ ಬೇರೆ ಬೇರೆ ಎಣಿಕೆ ಸಿಗುತ್ತದೆ. ಆಫ್‌ಲೋಡ್ ಆನ್ ಇಟ್ಟು ಒಂದು ದೊಡ್ಡ ಫೈಲ್ ತನ್ನಿ, ಆಮೇಲೆ ಆಫ್ ಮಾಡಿ ಅದನ್ನೇ ತನ್ನಿ. ಆನ್ ಇದ್ದಾಗ ಸೊನ್ನೆ ಇದ್ದ ಎಣಿಕೆ ಆಫ್ ಮಾಡಿದಾಗ ಏರತೊಡಗಿದರೆ, ಇಷ್ಟು ದಿನ ಕೆಟ್ಟದ್ದನ್ನು ಸರಿ ಎಂದು ಒಳಗೆ ಬಿಡುತ್ತಿತ್ತು ಎಂದರ್ಥ. ಆಫ್ ಮಾಡಿದ ಮೇಲೆ ನೆಟ್ ನಿಧಾನ ಅನ್ನಿಸಬಹುದು, ಯಾಕೆಂದರೆ ಕೆಟ್ಟ ಪ್ಯಾಕೆಟ್ ಈಗ ಎಸೆಯಲ್ಪಟ್ಟು ಮತ್ತೆ ಬರಬೇಕು. ನಿಧಾನ ಆಯಿತೆಂದು ವಾಪಸ್ ಆನ್ ಮಾಡಬೇಡಿ! ಬೇರೆ ಯುಎಸ್‌ಬಿ ಪೋರ್ಟ್, ಹಬ್ ಇಲ್ಲದೆ ನೇರ, ಹೊಸ ಕರ್ನೆಲ್, ಕೊನೆಗೆ ಬೇರೆ ಅಡಾಪ್ಟರ್, ಈ ಕ್ರಮದಲ್ಲಿ ಪ್ರಯತ್ನಿಸಿ.

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಅಡಾಪ್ಟರಿನ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಟ್ಯಾಬಿಗೆ ಹೋದರೆ ಟಿಸಿಪಿ, ಯುಡಿಪಿ ಚೆಕ್‌ಸಮ್ ಆಫ್‌ಲೋಡ್ ಸಾಲುಗಳು ಸಿಗುತ್ತವೆ. ಐಪಿವಿ4, ಐಪಿವಿ6 ಬೇರೆ ಬೇರೆ ಇರ್ತದೆ, ಎರಡನ್ನೂ ನೋಡಿ. ಎತ್‌ಟೂಲ್‌ನಲ್ಲಿ ಮಾಡಿದ್ದು ಅಡಾಪ್ಟರ್ ಕಿತ್ತು ಸಿಕ್ಕಿಸಿದರೆ ಹೋಗುತ್ತದೆ. ಉಳಿಯಬೇಕಾದರೆ ನೆಟ್‌ವರ್ಕ್‌ಮ್ಯಾನೇಜರ್‌ನ ಆ ಕನೆಕ್ಷನ್‌ನಲ್ಲೇ ಬರೆದಿಡಬೇಕು.

ಆಫ್ ಮಾಡಿದರೆ ಪ್ರೊಸೆಸರ್ ಸುಸ್ತಾಗುವುದಿಲ್ಲವಾ? ಗಿಗಾಬಿಟ್ ಪೂರ್ತಿ ತುಂಬಿದರೂ ಸೆಕೆಂಡಿಗೆ 125 ಮೆಗಾಬೈಟ್ ಕೂಡಿಸುವ ಕೆಲಸ. ಈಗಿನ ಲ್ಯಾಪ್‌ಟಾಪಿಗೆ ಅದು ಲೆಕ್ಕಕ್ಕೇ ಇಲ್ಲ. ಹಳೆಯ ಪೈ ಬೋರ್ಡಿನಲ್ಲಿ ಸ್ವಲ್ಪ ತಿಳಿಯುತ್ತದೆ.

ಒಂದು ಅಡ್ಡದಾರಿಯೂ ಉಂಟು: ಫೈರ್‌ವಾಲಿನಲ್ಲೇ ಕಾನ್‌ಟ್ರ್ಯಾಕ್‌ನ ಚೆಕ್‌ಸಮ್ ಪರೀಕ್ಷೆ ನಿಲ್ಲಿಸುವುದು. ಅದನ್ನು ಅಡ್ಮಿನ್ ಹತ್ತಿರ ಕೇಳಲೇಬೇಡಿ. ಪ್ಯಾಕೆಟ್ ಗೇಟ್ ದಾಟುತ್ತದೆ, ಆಚೆ ಸರ್ವರ್ ಅದನ್ನು ಹೇಗೂ ಎಸೆಯುತ್ತದೆ. ಕೇಳಬೇಕಾದ್ದು ಬೇರೆ: ಇನ್‌ವ್ಯಾಲಿಡ್ ಲಾಗ್ ಐದು ನಿಮಿಷ ಆನ್ ಮಾಡಿ, ಒಳಪೋರ್ಟಿನಲ್ಲಿ ನನ್ನ ಐಪಿಗೆ ಒಂದು ಸಣ್ಣ ಕ್ಯಾಪ್ಚರ್ ಕೊಡಿ ಸರ್, ಎಂದು. ಹೋಗುವಾಗ ಚಿಪ್ಪಿನ ಹೆಸರು, ಎಲ್‌ಎಸ್‌ಯುಎಸ್‌ಬಿ ತೋರಿಸುವ ಐಡಿ, ಡ್ರೈವರ್ ಮತ್ತು ಕರ್ನೆಲ್ ಆವೃತ್ತಿ, ಟಿಎಸ್‌ಒ, ಟಿಎಕ್ಸ್, ಆರ್‌ಎಕ್ಸ್ ಒಂದೊಂದಾಗಿ ಆಫ್ ಮಾಡಿದಾಗ ಏನಾಯಿತು ಎಂಬುದು, ಇಷ್ಟನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ.